ಗಿಡಕ್ಕಿಂತ ಮೊದಲು ಮಾಳಿಗೆ: ಸಭೆಯೊಂದು ಸೃಷ್ಟಿಪಾಲನೆಯನ್ನು ಶುರು ಮಾಡುವ ಕ್ರಮ

ಜೂನ್ ಹತ್ತಿರ ಬಂತೆಂದರೆ ಹುಬ್ಬಳ್ಳಿ–ಧಾರವಾಡ, ಗದಗ, ಹಾವೇರಿ ಕಡೆಯ ಕ್ರೈಸ್ತ ಸಭೆಗಳವರು ಕೇಳುವ ಪ್ರಶ್ನೆ ಒಂದೇ: "ಪರಿಸರ ದಿನಕ್ಕೆ ದೇವಾಲಯದ ಅಂಗಳದಲ್ಲಿ ಸಸಿ ನೆಡಬೇಕು, ಎಷ್ಟು, ಯಾವುವು?" ನಮ್ಮ ಉತ್ತರ ಹಲವರಿಗೆ ಹಿಡಿಸುವುದಿಲ್ಲ. ಮೊದಲ ವರ್ಷ ಸಸಿಯ ಸುದ್ದಿಗೇ ಹೋಗಬೇಡಿ. ಪ್ರಾರ್ಥನೆ ಮಾಡಿ, ಫೋಟೊ ತೆಗೆಸಿ ನೆಟ್ಟ ಸಸಿ ಮಾರ್ಚ್ ಬಿಸಿಲಿಗೆ ಒಣಗಿ ನಿಂತರೆ ಸಭೆಯ ಹುರುಪೂ ಅದರ ಜೊತೆಗೇ ಒಣಗುತ್ತದೆ. ಮರುವರ್ಷ ಕರೆದರೆ ಯಾರೂ ಬರುವುದಿಲ್ಲ. ಮೊದಲು ನೀರು, ಆಮೇಲೆ ಅಡಿಗೆಮನೆ, ಆಮೇಲೆ ಗಿಡ. ನಿರೀಕ್ಷೆಯ ಬಗ್ಗೆ ಪ್ರಸಂಗಪೀಠದಿಂದ ಹೇಳುವ ಮಾತಿಗೆ ಅಂಗಳದಲ್ಲಿ ಪುರಾವೆ ಬೇಕಿದ್ದರೆ ಈ ಕ್ರಮ ತಪ್ಪಬಾರದು.

ಕೆಳಗಿನ ಲೆಕ್ಕಗಳೆಲ್ಲ 200 ಚದರ ಮೀಟರ್ ಮಾಳಿಗೆ (ಚಾವಣಿ) ಮತ್ತು ಹಬ್ಬದ ಊಟಕ್ಕೆ 200 ಜನ ಸೇರುವ ಸಭೆಯನ್ನು ಹಿಡಿದು ಹಾಕಿದವು. ನಿಮ್ಮದು ಚಿಕ್ಕದೋ ದೊಡ್ಡದೋ, ಅದೇ ಪ್ರಮಾಣದಲ್ಲಿ ಇಳಿಸಿ ಏರಿಸಿಕೊಳ್ಳಿ. ಬೇಕಾಗುವುದು ಐದಾರು ಜನ, ಒಂದು ಅಳತೆ ಟೇಪು, ಒಂದು ರಜಿಸ್ಟರ್ ಮತ್ತು ಎರಡು ಮಳೆಗಾಲ ಕಾಯುವ ತಾಳ್ಮೆ. ಐದಾರು ಜನರಲ್ಲಿ ಒಬ್ಬರು ಮಹಿಳಾ ಅನ್ಯೋನ್ಯ ಕೂಟದವರು, ಒಬ್ಬರು ಯೌವನಸ್ಥರ ಕೂಟದವರು, ಒಬ್ಬರು ದೇವಾಲಯದ ಬೀಗದ ಕೈ ಇರುವವರು ಇರಲೇಬೇಕು. ಬೀಗದ ಕೈಯವರನ್ನು ಬಿಟ್ಟು ಮಾಡಿದ ಯೋಜನೆ ಮೊದಲ ಮಳೆಯ ರಾತ್ರಿಯೇ ಕೈಕೊಡುತ್ತದೆ.

1. ಠರಾವು ಮತ್ತು ಒಪ್ಪಿಗೆ

ಕಮಿಟಿಯಲ್ಲಿ ಠರಾವು ಬರೆಸಿ. ಬಾಯಿಮಾತಿನ ಒಪ್ಪಿಗೆ ಕಮಿಟಿ ಬದಲಾದ ದಿನ ಮುಗಿಯುತ್ತದೆ. ಅದರಲ್ಲಿ ಯಾವ ಕೆಲಸ, ಎಷ್ಟು ಹಣ, ವರ್ಷದ ನಿರ್ವಹಣೆ ಯಾರದು ಎಂಬ ಮೂರೂ ಇರಲಿ. ನಿರ್ವಹಣೆಯ ಹಣವನ್ನು ಕಟ್ಟುವ ಖರ್ಚಿನಿಂದ ಬೇರೆಯಾಗಿಯೇ ತೋರಿಸಿ.

ಇನ್ನೊಂದು ಮಾತು: ಜಾಗದ ಕಾಗದ ಸಾಮಾನ್ಯವಾಗಿ ಸ್ಥಳೀಯ ಸಭೆಯ ಹೆಸರಿನಲ್ಲಿ ಇರುವುದಿಲ್ಲ. ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಆಸ್ತಿ ಅದರ ಟ್ರಸ್ಟ್ ಅಸೋಸಿಯೇಷನ್ ಹೆಸರಿನಲ್ಲಿರುತ್ತದೆ, ಕಥೋಲಿಕ ದೇವಾಲಯಗಳದ್ದು ಧರ್ಮಪ್ರಾಂತ್ಯದ ಅಧೀನದಲ್ಲಿ. ಗುಂಡಿ ತೋಡುವ, ಗೋಡೆಗೆ ಪೈಪು ಹೊಡೆಯುವ ಮೊದಲು ಡಯಾಸಿಸ್ (ಧರ್ಮಪ್ರಾಂತ್ಯ) ಕಚೇರಿಗೆ ಒಂದು ಪತ್ರ ಕೊಟ್ಟು ಒಪ್ಪಿಗೆ ಪಡೆಯಿರಿ.

2. ವಚನಗಳನ್ನು ಸೇರಿ ಓದುವುದು

ನಾಲ್ಕು ರವಿವಾರ, ಆರಾಧನೆ ಮುಗಿದ ಮೇಲೆ ಅರ್ಧ ತಾಸು ಸಾಕು. ಇದನ್ನು ಬಿಟ್ಟು ನೇರ ಪೈಪಿಗೆ ಇಳಿದರೆ ಸಭೆಯ ಅರ್ಧ ಜನ "ಇದು ಮುನಿಸಿಪಾಲಿಟಿ ಕೆಲಸ" ಎಂದುಕೊಂಡು ಹೊರಗೇ ನಿಲ್ಲುತ್ತಾರೆ.

ಮೊದಲ ವಾರ ಆದಿಕಾಂಡ 1:28ನ್ನು 2:15ರ ಜೊತೆಗೆ ಓದಿ. ಒಂದರಲ್ಲಿ ಆಳುವ ಮಾತಿದೆ, ಇನ್ನೊಂದರಲ್ಲಿ ತೋಟವನ್ನು ಕೃಷಿ ಮಾಡಿ ಕಾಯುವ ಮಾತು. ಮೊದಲನೆಯದನ್ನು ಮಾತ್ರ ಹಿಡಿದು ನಡೆದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕೆರೆಗಳೇ ಸಾಕ್ಷಿ. ಎರಡನೆಯ ವಾರ ಯಾಜಕಕಾಂಡ 25, ಭೂಮಿಗೂ ಏಳನೆಯ ವರ್ಷ ಸಬ್ಬತ್ತು. ಎರಿ (ಕಪ್ಪು ಮಣ್ಣಿನ) ಹೊಲ ಮಾಡಿದ ಕುಟುಂಬಗಳು ನಿಮ್ಮ ಸಭೆಯಲ್ಲಿದ್ದರೆ ಅವರನ್ನೇ ಮಾತಾಡಿಸಿ. ಹೊಲ ಬೀಳು ಬಿಡುವುದು ಏಕೆ ಎಂದು ಅವರಿಗೆ ಗೊತ್ತು. ಮೂರನೆಯ ವಾರ ರೋಮಾಪುರದವರಿಗೆ 8:19–25. ಇಡೀ ಸೃಷ್ಟಿ ನರಳುತ್ತ, ಬಿಡುಗಡೆಗಾಗಿ ಕಾಯುತ್ತಿದೆ ಎನ್ನುವ ಪೌಲನು ಅಲ್ಲಿಯೇ ನಿರೀಕ್ಷೆಯ ಮಾತನ್ನೂ ಆಡುತ್ತಾನೆ. ನಾಲ್ಕನೆಯದು ಯೆರೆಮೀಯ 32. ಪಟ್ಟಣಕ್ಕೆ ಮುತ್ತಿಗೆ ಬಿದ್ದಿದೆ, ಪ್ರವಾದಿ ಸೆರೆಯಲ್ಲಿದ್ದಾನೆ. ಅಂಥ ಹೊತ್ತಿನಲ್ಲಿ ಹದಿನೇಳು ಶೆಕೆಲ್ ಬೆಳ್ಳಿ ತೂಗಿ ಅನಾತೋತಿನ ಹೊಲ ಕೊಂಡು, ಕ್ರಯಪತ್ರವನ್ನು ಮಣ್ಣಿನ ಗಡಿಗೆಯಲ್ಲಿ ಇಡಿಸುತ್ತಾನೆ. ಕ್ರೈಸ್ತ ನಿರೀಕ್ಷೆ ಎಂದರೇನು ಎಂದು ಕೇಳಿದವರಿಗೆ ಈ ಅಧ್ಯಾಯ ತೋರಿಸಿದರೆ ಸಾಕು, ಬೇರೆ ವಿವರಣೆ ಬೇಡ.

ಎರಡು ಆಕ್ಷೇಪ ಬಂದೇ ಬರುತ್ತವೆ. ತಯಾರಾಗಿರಿ.

"ಲೋಕ ಹೇಗೂ ಬೆಂಕಿಗೆ ಸುಟ್ಟುಹೋಗುವುದು, 2 ಪೇತ್ರ 3:10 ಹಾಗೆ ಹೇಳುತ್ತದಲ್ಲ?" ಅದೇ ಅಧ್ಯಾಯದ 13ನೆಯ ವಚನದ ತನಕ ಓದಿಸಿ. ಅಲ್ಲಿ ಹೊಸ ಆಕಾಶ ಮಾತ್ರವಲ್ಲ, ಹೊಸ ಭೂಮಿಯೂ ಇದೆ. ಪ್ರಕಟನೆ 11:18 ಭೂಮಿಯನ್ನು ಹಾಳುಮಾಡುವವರ ನ್ಯಾಯತೀರ್ಪಿನ ಬಗ್ಗೆ ಹೇಳುತ್ತದೆ. ಹಾಳುಮಾಡಲು ಅಪ್ಪಣೆ ಇದೆ ಎಂದು ಎಲ್ಲೂ ಇಲ್ಲ.

"ಇದು ಪ್ರಕೃತಿಪೂಜೆ ಅಲ್ಲವೇ?" ಕೀರ್ತನೆ 24:1 ತೆರೆಯಿರಿ. ಭೂಮಿಯೂ ಅದರಲ್ಲಿರುವುದೆಲ್ಲವೂ ಯೆಹೋವನದು. ಒಡೆಯನ ಸೊತ್ತನ್ನು ಜೋಪಾನ ಮಾಡುವುದು ಸೊತ್ತಿಗೆ ಅಡ್ಡಬಿದ್ದಂತೆ ಆಗುವುದಿಲ್ಲ. ವಾದ ಬೆಳೆಸಬೇಡಿ, ಪೈಪಿನ ಕೆಲಸಕ್ಕೆ ಕರೆಯಿರಿ.

3. ಮಾಳಿಗೆಯ ಲೆಕ್ಕ

ಲೆಕ್ಕ ಸರಳ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಅದರಲ್ಲಿ ಆರಿ, ಹೀರಿ, ಸಿಡಿದು ಹೋಗುವುದನ್ನು ಕಳೆದು 80 ಶೇಕಡಾ ಕೈಗೆ ಸಿಗುತ್ತದೆ ಎಂದು ಹಿಡಿಯಿರಿ. ಧಾರವಾಡ ಸುತ್ತ ವರ್ಷಕ್ಕೆ ಸುಮಾರು 750 ಮಿ.ಮೀ., ಗದಗದ ಕಡೆ 600ರ ಆಸುಪಾಸು. ಅಂದರೆ 200 ಚದರ ಮೀಟರ್ ಮಾಳಿಗೆಯಿಂದ ಧಾರವಾಡದಲ್ಲಿ 1,20,000 ಲೀಟರ್, ಗದಗದಲ್ಲಿ 96,000 ಲೀಟರ್. ಮಲಪ್ರಭೆಯ ನೀರು ನಳಕ್ಕೆ ಯಾವಾಗ ಬಂದೀತು ಎಂದು ಕಾಯುವ ಊರಿನಲ್ಲಿ ಇಷ್ಟು ನೀರು ಪ್ರತಿ ವರ್ಷ ಗಟಾರಕ್ಕೆ ಹೋಗುತ್ತಿದೆ.

ಅಳೆಯುವಾಗ ಇಳಿಜಾರು ಮಾಳಿಗೆಯ ಉದ್ದಗಲವನ್ನು ನೆಲದ ಮೇಲೆ ನಿಂತು ಅಳೆಯಿರಿ, ಹಂಚಿನ ಮೇಲಲ್ಲ. ಮಳೆ ಬೀಳುವುದು ನೇರ ಕೆಳಕ್ಕೆ; ಇಳಿಜಾರಿನ ಅಳತೆ ಹಿಡಿದರೆ ಲೆಕ್ಕ ಸುಳ್ಳಾಗಿ ಹೆಚ್ಚುತ್ತದೆ.

ಮಾಳಿಗೆ ಯಾವುದರದ್ದು ಎಂಬುದೂ ಮುಖ್ಯ. ಸ್ವಿಟ್ಜರ್ಲೆಂಡಿನ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ ಬಂತು. ಅದೇ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿತು. ಹಾಗಾಗಿ ಹಳೆಯ ಕಟ್ಟಡಗಳ ಮೇಲೆ ಮಂಗಳೂರು ಹಂಚು ಸಾಮಾನ್ಯ. ಹಂಚು ಒಳ್ಳೆಯದೇ, ಆದರೆ ಪಾಚಿ ಹಿಡಿಯುತ್ತದೆ, ಸಂದಿಯಲ್ಲಿ ಪಾರಿವಾಳ ಕೂರುತ್ತವೆ. ಅಸ್ಬೆಸ್ಟಾಸ್ ಶೀಟಿನ ಮೇಲಿನ ನೀರನ್ನು ಗಿಡಕ್ಕೆ, ನೆಲ ತೊಳೆಯಲು ಬಳಸಿ. ಕುಡಿಯಲು, ಅಡಿಗೆಗೆ ಬೇಡ.

4. ಪೈಪು, ಡ್ರಮ್ಮು, ಸೋಸುಗುಂಡಿ

ಈ ಹಂತದಲ್ಲೇ ಹೆಚ್ಚಿನ ತಪ್ಪುಗಳು ಆಗುವುದು. ಮೇ ಹದಿನೈದರೊಳಗೆ ಕೆಲಸ ಮುಗಿಯಬೇಕು.

ದೋಣಿ ಪೈಪು, ಅಂದರೆ ಮಾಳಿಗೆಯ ಅಂಚಿನಲ್ಲಿ ನೀರು ಹಿಡಿಯುವ ಅರ್ಧ ಕೊಳವೆ, ಪ್ರತಿ 100 ಅಡಿಗೆ ಒಂದು ಅಡಿ ಇಳಿಜಾರಿರಲಿ. ಹಿಡಿಕೆಗಳು ಮೂರು ಅಡಿಗೊಂದು. ಹಿಡಿಕೆ ಉಳಿಸಲು ಹೋದರೆ ದೋಣಿ ನಡುವೆ ಜೋತುಬಿದ್ದು ಅಲ್ಲೇ ನೀರು ನಿಂತು ಸೊಳ್ಳೆ ಹುಟ್ಟುತ್ತವೆ. ಕೆಳಗಿಳಿಯುವ 110 ಮಿ.ಮೀ. ಪಿ.ವಿ.ಸಿ. ಪೈಪು 50ರಿಂದ 60 ಚದರ ಮೀಟರಿಗೆ ಒಂದು, ಅಂದರೆ ನಮ್ಮ ಲೆಕ್ಕದ ಮಾಳಿಗೆಗೆ ನಾಲ್ಕು. ಎರಡೇ ಸಾಕು ಎನ್ನುವ ಮೇಸ್ತ್ರಿ ಮುಂಗಾರು ಪೂರ್ವದ ಗುಡುಗು ಮಳೆಯನ್ನು ಲೆಕ್ಕಕ್ಕೆ ಹಿಡಿದಿಲ್ಲ. ಅರ್ಧ ತಾಸಿನಲ್ಲಿ ಸುರಿಯುವ ಆ ಮಳೆಗೆ ದೋಣಿ ಉಕ್ಕಿ ನೀರು ಗೋಡೆಯ ಮೇಲೆ ಇಳಿಯುತ್ತದೆ.

ಮೊದಲ ನೀರನ್ನು ಬಿಡಬೇಕು. ಮೊದಲ ಒಂದು ಮಿಲಿಮೀಟರ್ ಮಳೆಯಲ್ಲಿ ಮಾಳಿಗೆಯ ಧೂಳು, ಎಲೆ, ಪಾರಿವಾಳದ ಹಿಕ್ಕೆ ಎಲ್ಲ ಕೊಚ್ಚಿ ಬರುತ್ತದೆ. 200 ಚದರ ಮೀಟರಿಗೆ ಅದು 200 ಲೀಟರ್, ಒಂದು ದೊಡ್ಡ ಪ್ಲಾಸ್ಟಿಕ್ ಡ್ರಮ್ಮಿನಷ್ಟು. ನಾಲ್ಕೂ ಪೈಪನ್ನು ಒಂದು ಅಡ್ಡ ಪೈಪಿಗೆ ಸೇರಿಸಿ, ಅದಕ್ಕೆ ಟೀ (T ಆಕಾರದ ಜೋಡಣೆ) ಹಾಕಿ ಒಂದು ಕವಲನ್ನು ಡ್ರಮ್ಮಿಗೆ ಬಿಡಿ. ಡ್ರಮ್ಮಿನ ಬಾಯಿ ಆ ಪೈಪಿನ ಸುತ್ತ ಬಿಗಿಯಾಗಿ ಮುಚ್ಚಿರಬೇಕು, ಇಲ್ಲದಿದ್ದರೆ ತುಂಬಿದ ಮೇಲೆ ಅಲ್ಲಿಂದಲೇ ಉಕ್ಕುತ್ತದೆ. ಡ್ರಮ್ಮು ತುಂಬಿತೆಂದರೆ ಮುಂದಿನ ನೀರು ತಾನಾಗಿ ಸೋಸುಗುಂಡಿಯ ಕಡೆ ತಿರುಗುತ್ತದೆ. ಡ್ರಮ್ಮಿನ ತಳಕ್ಕೆ ಸಣ್ಣ ನಳ ಇಟ್ಟು ಮಳೆ ನಿಂತ ಮೇಲೆ ಖಾಲಿ ಮಾಡಿ. ಖಾಲಿ ಮಾಡುವುದನ್ನು ಮರೆತರೆ ಮುಂದಿನ ಮಳೆಯ ಕೊಳೆ ನೇರ ಸೋಸುಗುಂಡಿಗೆ.

ಸೋಸುಗುಂಡಿ ನಾಲ್ಕು ಅಡಿ ಉದ್ದ, ಅಗಲ, ಆಳ. ಒಳಗೆ ಸಿಮೆಂಟು ಗಿಲಾಯಿ. ತಳದಲ್ಲಿ ಒಂದು ಅಡಿ 40 ಮಿ.ಮೀ. ಜಲ್ಲಿ, ಅದರ ಮೇಲೆ ಒಂದು ಅಡಿ 20 ಮಿ.ಮೀ. ಜಲ್ಲಿ, ನೈಲಾನ್ ಜಾಳಿಗೆ ಹಾಸಿ ಅದರ ಮೇಲೆ ಒಂದು ಅಡಿ ದಪ್ಪ ಮರಳು. ಮೇಲಿನ ಒಂದು ಅಡಿ ಖಾಲಿ. ನೀರು ಮೇಲಿಂದ ಬಂದು ತಳದ ಪೈಪಿನಿಂದ ಸಂಪಿಗೆ, ಅಂದರೆ ನೆಲದೊಳಗಿನ ತೊಟ್ಟಿಗೆ ಹೋಗುತ್ತದೆ. ಪ್ರತಿ ಪದರಕ್ಕೆ 16 ಘನ ಅಡಿ ಸಾಮಾನು ಸಾಕು. ಬ್ರಾಸ್ ಲೆಕ್ಕದಲ್ಲಿ ತರಿಸಬೇಡಿ, ಒಂದು ಬ್ರಾಸ್ ಎಂದರೆ 100 ಘನ ಅಡಿ, ಉಳಿದದ್ದು ವರ್ಷಗಟ್ಟಲೆ ಅಂಗಳದಲ್ಲಿ ಬಿದ್ದಿರುತ್ತದೆ. ನದಿ ಮರಳಿನ ಬದಲು ಎಂ–ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ಹಾಕುವುದಾದರೆ ತೊಳೆದ ನೀರು ತಿಳಿಯಾಗುವ ತನಕ ತೊಳೆಯಿರಿ. ಅದರ ಹಿಟ್ಟಿನಂಥ ಪುಡಿಯೇ ಗುಂಡಿಯನ್ನು ಕಟ್ಟಿಹಾಕುತ್ತದೆ. ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಮೇಲಿನ ಎರಡು ಇಂಚು ಮರಳು ಕೆರೆದು ತೊಳೆದು ಹಾಕಿ.

ಸಂಪು 10,000 ಲೀಟರಿನದು ಸಾಕು. ಸುಮಾರು 63 ಮಿ.ಮೀ. ಮಳೆಗೆ ಅದು ತುಂಬುತ್ತದೆ, ಮಳೆಗಾಲದಲ್ಲಿ ಹಲವು ಸಲ ತುಂಬಿ ಖಾಲಿಯಾಗುತ್ತದೆ. ಗಾಳಿ ಪೈಪಿಗೂ ಹೆಚ್ಚುವರಿ ನೀರಿನ ಪೈಪಿಗೂ ಸೊಳ್ಳೆ ಪರದೆ ಕಟ್ಟಿ. ಕೈಕಾಲು, ಪಾತ್ರೆ ತೊಳೆಯಲು ಬಳಸುವುದಾದರೆ 1,000 ಲೀಟರಿಗೆ 2.5 ಗ್ರಾಂ ಹೊಸ ಬ್ಲೀಚಿಂಗ್ ಪುಡಿಯನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿನೀರನ್ನಷ್ಟೇ ಸಂಪಿಗೆ ಸುರಿದು ಅರ್ಧ ತಾಸು ಬಿಡಿ. ಕುಡಿಯುವುದಾದರೆ ಮೊದಲು ನೀರು ಪರೀಕ್ಷೆ ಮಾಡಿಸಿ.

5. ಉಕ್ಕಿದ ನೀರು ಎಲ್ಲಿಗೆ?

ಹಳೆಯ ಕಾಂಪೌಂಡಿನಲ್ಲಿ ತೆರೆದ ಬಾವಿ ಇದ್ದರೆ ನೀವು ಪುಣ್ಯವಂತರು. ಕಸ ಸುರಿದು ಅರ್ಧ ಮುಚ್ಚಿದ್ದರೂ ಸರಿ. ಆದಿಕಾಂಡ 26:18ರಲ್ಲಿ ಇಸಾಕನು ತನ್ನ ತಂದೆಯ ಕಾಲದ, ಮಣ್ಣು ತುಂಬಿದ್ದ ಬಾವಿಗಳನ್ನು ತಿರುಗಿ ತೋಡಿಸಿದ. ಸಂಡೇ ಸ್ಕೂಲ್ ಮಕ್ಕಳಿಗೆ ಈ ಪಾಠ ಹೇಳಲು ಬಾವಿಕಟ್ಟೆಗಿಂತ ಒಳ್ಳೆಯ ಜಾಗವಿಲ್ಲ, ಜಾಳಿಗೆ ಹಾಕಿದ ಮೇಲೆ. ಸೋಸಿದ ನೀರನ್ನು ಪೈಪಿನಲ್ಲಿ ಬಾವಿಯ ನೀರಿನ ಮಟ್ಟದ ತನಕ ಇಳಿಸಿ. ಮೇಲಿಂದ ಧುಮುಕಿಸಿದರೆ ಗೋಡೆಯ ಕಲ್ಲು ಸಡಿಲವಾಗುತ್ತದೆ. ಹೂಳು ತೆಗೆಸುವಾಗ ಯೌವನಸ್ಥರನ್ನು ಬಾವಿಗೆ ಇಳಿಸಲೇಬೇಡಿ. ಮುಚ್ಚಿಬಿದ್ದ ಬಾವಿಯ ತಳದಲ್ಲಿ ಉಸಿರುಗಟ್ಟಿಸುವ ಗಾಳಿ ನಿಂತಿರುತ್ತದೆ, ವಾಸನೆಯಿಂದ ತಿಳಿಯುವುದಿಲ್ಲ. ಬಾವಿ ಕೆಲಸದವರನ್ನೇ, ಹಗ್ಗ ಮತ್ತು ಗಾಳಿ ಊದುವ ಯಂತ್ರ ಇರುವವರನ್ನೇ ಕರೆಸಿ.

ಬಾವಿ ಇಲ್ಲದಿದ್ದರೆ ಇಂಗುಗುಂಡಿ. ಇಲ್ಲಿ ನಮ್ಮ ಭಾಗದ ಮಣ್ಣನ್ನು ಅರಿಯದೆ ಹಣ ಕಳೆದುಕೊಂಡವರು ಬಹಳ. ಎರಿ ಮಣ್ಣು ನೀರು ಕುಡಿದು ಉಬ್ಬಿ ತನ್ನ ಬಾಯಿ ತಾನೇ ಮುಚ್ಚಿಕೊಳ್ಳುತ್ತದೆ. ಅದರಲ್ಲಿ ತೋಡಿದ ಗುಂಡಿ ಹೊಂಡವಾಗಿ ನಿಲ್ಲುತ್ತದೆಯೇ ಹೊರತು ಇಂಗುವುದಿಲ್ಲ. ಎರಿ ಪದರ ದಾಟಿ ಗರಸು (ಹರಳು ಮಣ್ಣು) ಸಿಗುವ ತನಕ ಇಳಿಯಬೇಕು. ಅಲ್ಲಿ ಒಂದು ಅಡಿ ಚಚ್ಚೌಕದ ಚಿಕ್ಕ ಕುಳಿ ತೋಡಿ, ಒಮ್ಮೆ ನೀರು ತುಂಬಿ ಇಂಗಲು ಬಿಟ್ಟು, ಮತ್ತೆ ತುಂಬಿ ನೋಡಿ. ಒಂದು ತಾಸಿನಲ್ಲಿ ಒಂದು ಇಂಚೂ ಇಳಿಯದಿದ್ದರೆ ಆ ಜಾಗ ಬಿಟ್ಟುಬಿಡಿ. ಮಸಾರಿ (ಕೆಂಪು) ಮಣ್ಣಿನಲ್ಲಿ ಈ ತೊಂದರೆ ಕಡಿಮೆ. ಗುಂಡಿ ಕಟ್ಟಡದ ಪಾಯದಿಂದ ಕನಿಷ್ಠ 15 ಅಡಿ ದೂರವಿರಲಿ. ಎರಿ ಉಬ್ಬಿದರೆ ಹಳೆಯ ಕಲ್ಲಿನ ಗೋಡೆ ಬಿರಿಯುತ್ತದೆ. ಶೌಚಾಲಯದ ಗುಂಡಿಯಿಂದಲೂ ದೂರವಿಡಿ. ಪಾತ್ರೆ ತೊಳೆದ ನೀರನ್ನು ಎಂದೂ ಇದಕ್ಕೆ ಬಿಡಬೇಡಿ.

6. ಪ್ರೀತಿ ಭೋಜನ

ಐದು ಸಾವಿರ ಜನ ಉಂಡ ಮೇಲೆ ಯೇಸು ಶಿಷ್ಯರಿಗೆ ಹೇಳಿದ್ದು ಉಳಿದ ತುಂಡುಗಳನ್ನು ಕೂಡಿಸಿರಿ, ಏನೂ ಹಾಳಾಗಬಾರದು ಎಂದು, ಯೋಹಾನ 6:12. ಬೆಳೆ ಹಬ್ಬದ ಮರುದಿನ ನಮ್ಮ ಅಂಗಳಗಳನ್ನು ನೋಡಿದರೆ ಈ ವಚನ ನಮ್ಮ ಬೈಬಲಿನಲ್ಲಿ ಇಲ್ಲವೇನೋ ಅನಿಸುತ್ತದೆ.

ಹಿಂದಿನ ರವಿವಾರವೇ ಕುಟುಂಬಕ್ಕೊಂದು ಚೀಟಿ ಕೊಟ್ಟು ಊಟಕ್ಕೆ ಬರುವವರ ಎಣಿಕೆ ತೆಗೆದುಕೊಳ್ಳಿ. ತಲೆಗೆ 100ರಿಂದ 110 ಗ್ರಾಂ ಅಕ್ಕಿ ಹಿಡಿದರೆ 200 ಜನಕ್ಕೆ 20ರಿಂದ 22 ಕೆ.ಜಿ. "ಎದಕ್ಕೂ ಇರಲಿ" ಎಂದು ಸುರಿಯುವ ಇನ್ನೈದು ಕೆ.ಜಿ.ಯೇ ಸಂಜೆ ತಿಪ್ಪೆ ಸೇರುವುದು. ಉಳಿದ ಅನ್ನವನ್ನು ಎರಡು ತಾಸಿನೊಳಗೆ ಹಂಚುವ ಜಾಗ ಮೊದಲೇ ಗೊತ್ತುಮಾಡಿಕೊಳ್ಳಿ. ಬೇಸಿಗೆಯಲ್ಲಿ ಅದಕ್ಕಿಂತ ಹೊತ್ತು ಹೊರಗಿಟ್ಟದ್ದನ್ನು ಯಾರಿಗೂ ಕೊಡಬೇಡಿ.

ತಟ್ಟೆ ಸ್ಟೀಲಿನವೇ ಇರಲಿ. ಪ್ಲಾಸ್ಟಿಕ್ ತಟ್ಟೆ, ಲೋಟ, ಥರ್ಮಾಕೋಲು, ಫ್ಲೆಕ್ಸ್ ಬ್ಯಾನರ್ ಕರ್ನಾಟಕದಲ್ಲಿ 2016ರಿಂದಲೇ ನಿಷಿದ್ಧ. ಒಮ್ಮೆ ಬಳಸಿ ಬಿಸಾಡುವ ಹಲವು ಬಗೆಯ ಪ್ಲಾಸ್ಟಿಕ್ ಸಾಮಾನಿಗೆ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಿದೆ. ಕಾಗದದ ಲೋಟವೂ ಮೋಸವೇ, ಒಳಗೆ ಪ್ಲಾಸ್ಟಿಕ್ಕಿನ ತೆಳು ಪದರವಿರುತ್ತದೆ, ಅದು ಗೊಬ್ಬರವಾಗದು. ಸ್ಟೀಲು ತೊಳೆಯಲು ನೀರು ಬಹಳ ಬೇಕು ಎನ್ನುವವರಿಗೆ ಮೂರು ತೊಟ್ಟಿಯ ಕ್ರಮ: ಮೊದಲು ಮುಸುರೆ ಒಂದು ಬಕೆಟ್ಟಿಗೆ ಒರೆಸಿ ಹಾಕುವುದು, ಆಮೇಲೆ ಸಾಬೂನು ನೀರಿನ ತೊಟ್ಟಿ, ಆಮೇಲೆ ಎರಡು ತಿಳಿನೀರಿನ ತೊಟ್ಟಿ. ಹರಿಯುವ ನಳದಡಿ ತೊಳೆಯುವುದು ಬೇಡ. ಕ್ರಿಸ್‌ಮಸ್ ನಕ್ಷತ್ರಕ್ಕೆ ಬಿದಿರಿನ ಕಡ್ಡಿ, ಬಣ್ಣದ ಕಾಗದ ಸಾಕು.

ಮುಸುರೆಗೆ ಮೂರು ಅಡಿಯ ಎರಡು ಗೊಬ್ಬರದ ಗುಂಡಿ ಮಾಡಿ, ಒಂದು ತುಂಬಿದ ಮೇಲೆ ಇನ್ನೊಂದು. ಒಂದು ಬುಟ್ಟಿ ಹಸಿ ಕಸಕ್ಕೆ ಎರಡು ಬುಟ್ಟಿ ಒಣ ಎಲೆ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ. ನಾತ ಬಂದರೆ ಒಣ ಎಲೆ ಕಡಿಮೆಯಾಗಿದೆ, ಇರುವೆ ಮುತ್ತಿದರೆ ನೀರು ಕಡಿಮೆಯಾಗಿದೆ. ಮೂರು ತಿಂಗಳಲ್ಲಿ ಗೊಬ್ಬರ. ಬಿರಿಯಾನಿಯ ಎಲುಬು ಮಾತ್ರ ಬೇಡ, ನಾಯಿಗಳು ಗುಂಡಿ ಕೆದರುತ್ತವೆ. ಅದನ್ನು ಪಾಲಿಕೆಯ ಕಸದ ಗಾಡಿಗೆ ಹಸಿ ಕಸವಾಗಿ ಕೊಡಿ.

7. ಈಗ ಗಿಡ

ಎಷ್ಟು ಗಿಡ ಎಂಬುದನ್ನು ಸಂಪು ತೀರ್ಮಾನಿಸಲಿ. ಫೆಬ್ರುವರಿಯಿಂದ ಮೇ ತನಕ 17 ವಾರ. ಗಿಡಕ್ಕೆ ವಾರಕ್ಕೆ ಎರಡು ಸಲ, ಸಲಕ್ಕೆ 15 ಲೀಟರ್ ಎಂದರೆ ಹತ್ತು ಗಿಡಕ್ಕೆ ಸುಮಾರು 5,100 ಲೀಟರ್. ಜನವರಿ ಕೊನೆಗೆ ಸಂಪಿನಲ್ಲಿ ಅಷ್ಟು ನೀರು ಉಳಿಯುತ್ತದೆ ಎಂದಾದರೆ ಹತ್ತು ನೆಡಿ. ನೂರು ನೆಡುವುದು ಬೇಡ.

ಬೇವು, ಹೊಂಗೆ, ಹುಣಸೆ, ನೇರಳೆ, ಮಾವು ಎರಿ, ಮಸಾರಿ ಎರಡೂ ಮಣ್ಣಿಗೆ ಹೊಂದುತ್ತವೆ. ಅರಳಿ, ಆಲ, ಬಸರಿ ಹಕ್ಕಿಗಳಿಗೆ ಒಳ್ಳೆಯವು, ಆದರೆ ಗೋಡೆ, ಬಾವಿ, ಸಂಪಿನಿಂದ 30 ಅಡಿಯಾದರೂ ದೂರ. ನೀಲಗಿರಿ ಬೇಡವೇ ಬೇಡ. ಈ ನೆಲಕ್ಕೆ ಆ ವಾದ ಹೊಸದಲ್ಲ: 1987ರ ನವೆಂಬರಿನಲ್ಲಿ, ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ರೈತರು ನೀಲಗಿರಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟು ಸತ್ಯಾಗ್ರಹ ಮಾಡಿದ್ದರು.

ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಮಳೆಗಾಲಕ್ಕೆ ಮೊದಲು ರಿಯಾಯಿತಿ ದರದಲ್ಲಿ ಸಸಿ ಸಿಗುತ್ತವೆ. ಎದೆಯೆತ್ತರದ ಸಸಿ ಆರಿಸಿ. ಚಿಕ್ಕದನ್ನು ಆಡು ಬಿಡುವುದಿಲ್ಲ. ಎರಡು ಅಡಿ ಉದ್ದ, ಅಗಲ, ಆಳದ ಗುಂಡಿಯನ್ನು ಏಪ್ರಿಲಿನಲ್ಲೇ ತೋಡಿ ಬಿಸಿಲು ತಿನ್ನಲು ಬಿಡಿ. ಎರಡು ಹದ ಮಳೆ ಬಿದ್ದ ಮೇಲೆ ಅರ್ಧ ಮಣ್ಣು, ಅರ್ಧ ನಿಮ್ಮದೇ ಗೊಬ್ಬರ ಹಾಕಿ ನೆಡಿ. ಪ್ಲಾಸ್ಟಿಕ್ ಚೀಲ ಹರಿದು ತೆಗೆಯಲು ಮರೆಯುವವರು ಇಂದಿಗೂ ಇದ್ದಾರೆ. ಎರಿ ಮಣ್ಣಿನಲ್ಲಿ ಬುಡದ ಸುತ್ತ ನಾಲ್ಕು ಇಂಚು ಒಣಹುಲ್ಲು ಹೊದಿಸಲೇಬೇಕು, ಇಲ್ಲದಿದ್ದರೆ ಫೆಬ್ರುವರಿಯಲ್ಲಿ ನೆಲ ಬಿರಿದು ಬೇರು ಹರಿಯುತ್ತದೆ. ಮೂರನೆಯ ಬೇಸಿಗೆ ದಾಟಿದ ಗಿಡವನ್ನಷ್ಟೇ "ನೆಟ್ಟಿದ್ದೇವೆ" ಎಂದು ವರದಿಯಲ್ಲಿ ಬರೆಯಿರಿ.

ಇರುವ ಮರ ಕಡಿಯುವ ಮಾತು ಬಂದರೆ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಧರ್ಮೋಪದೇಶಕಾಂಡ 20:19 ಯುದ್ಧಕಾಲದಲ್ಲೂ ಹಣ್ಣಿನ ಮರ ಕಡಿಯಬಾರದು ಎನ್ನುತ್ತದೆ. ಪಾರ್ಕಿಂಗ್ ಅದಕ್ಕಿಂತ ದೊಡ್ಡ ಕಾರಣವಲ್ಲ.

8. ಸಮಾಧಿ ಸ್ಥಳ

ಸಮಾಧಿಗಳ ನಡುವಿನ ನೆಲಕ್ಕೆ ಕಾಂಕ್ರೀಟು, ಪೇವರ್ ಹಾಕಬೇಡಿ, ಮಳೆ ಇಂಗಲಿ. ಈಸ್ಟರ್ ಮುಂಜಾನೆಯ ಆರಾಧನೆಗೆ ಮುನ್ನ ಒಣಹುಲ್ಲಿಗೆ ಬೆಂಕಿ ಹಚ್ಚುವ ಪದ್ಧತಿ ಬಿಡಿ. ಕೊಯ್ದು ಗಿಡದ ಬುಡಕ್ಕೆ ಹೊದಿಸಿದರೆ ಎರಡು ಕೆಲಸವಾಯಿತು. ಕಾಂಗ್ರೆಸ್ ಕಸವನ್ನು ಹೂ ಬಿಡುವ ಮೊದಲು, ಕೈಗೆ ಗವಸು ಹಾಕಿ, ಬೇರುಸಹಿತ ಕೀಳಿ. ಹೂ ಬಿಟ್ಟದ್ದನ್ನು ಗೊಬ್ಬರದ ಗುಂಡಿಗೆ ಹಾಕಿದರೆ ಅಂಗಳದ ತುಂಬ ಅದೇ. ಸತ್ತವರನ್ನು ನೆನೆಯುವ ನವೆಂಬರ್ 2ಕ್ಕೆ ಪ್ಲಾಸ್ಟಿಕ್ ಹೂಹಾರದ ಬದಲು ಸೇವಂತಿಗೆ ತರುವಂತೆ ಹಿಂದಿನ ಎರಡು ವಾರ ಪ್ರಕಟಣೆಯಲ್ಲಿ ಹೇಳಿ.

9. ಪಂಚಾಂಗ ಮತ್ತು ರಜಿಸ್ಟರ್

ಸೃಷ್ಟಿಯ ಕಾಲ ಎಂದು ಹಲವು ಸಭೆಗಳು ಸೇರಿ ಆಚರಿಸುವುದು ಸೆಪ್ಟೆಂಬರ್ 1ರಿಂದ ಅಸ್ಸೀಸಿಯ ಸಂತ ಫ್ರಾನ್ಸಿಸರ ಹಬ್ಬವಾದ ಅಕ್ಟೋಬರ್ 4ರ ತನಕ. ಸೆಪ್ಟೆಂಬರ್ 1ನ್ನು ಪ್ರಾರ್ಥನಾ ದಿನವಾಗಿ 1989ರಲ್ಲಿ ಮೊದಲು ಸಾರಿದ್ದು ಕಾನ್‌ಸ್ಟಾಂಟಿನೋಪಲಿನ ಆರ್ಥೊಡಾಕ್ಸ್ ಪಿತೃಪಾಲ. ಪೋಪ್ ಫ್ರಾನ್ಸಿಸ್ 2015ರಲ್ಲಿ ಕಥೋಲಿಕರಿಗೂ ಅದನ್ನು ಗೊತ್ತುಪಡಿಸಿದರು. ನಮ್ಮ ಭಾಗಕ್ಕೆ ಇದು ಒಳ್ಳೆಯ ಹೊತ್ತು, ಮಳೆ ಇನ್ನೂ ಇರುತ್ತದೆ, ಸಂಪು ತುಂಬಿರುತ್ತದೆ. ಸಿ.ಎಸ್.ಐ. ಸಭೆಗಳಿಗೆ ಸೆಪ್ಟೆಂಬರ್ 27ರ ಐಕ್ಯದ ದಿನವೂ (ಸಿ.ಎಸ್.ಐ. ಹುಟ್ಟಿದ ದಿನ) ಇದರೊಳಗೇ ಬರುತ್ತದೆ. ಮೇಲಿನ ನಾಲ್ಕು ವಚನಪಾಠಗಳನ್ನು ಈ ರವಿವಾರಗಳಿಗೆ ಇಟ್ಟುಕೊಂಡು, ಜನವರಿಯಲ್ಲಿ ಅಳತೆ, ಮಾರ್ಚ್–ಏಪ್ರಿಲಿನಲ್ಲಿ ಕಟ್ಟಡದ ಕೆಲಸ, ಕಟ್ಟಡದ ಕೆಲಸದ ಮರುವರ್ಷ ಜೂನಿನಲ್ಲಿ ಗಿಡ ಎಂದು ಹೊಂದಿಸಿಕೊಳ್ಳಿ.

ರಜಿಸ್ಟರಿನಲ್ಲಿ ಪ್ರತಿ ರವಿವಾರ ನಾಲ್ಕು ಸಾಲು ಸಾಕು: ಸಂಪಿನಲ್ಲಿ ಎಷ್ಟು ಅಡಿ ನೀರು, ಡ್ರಮ್ಮು ಖಾಲಿ ಮಾಡಿದವರ ಹೆಸರು, ಯಾವ ಗಿಡಕ್ಕೆ ಏನಾಗಿದೆ, ಊಟವಿದ್ದರೆ ಉಳಿದ ಅನ್ನ ಎಷ್ಟು. ಪೈಪು ಯಾವ ಗೋಡೆಯೊಳಗೆ, ಎಷ್ಟು ಆಳದಲ್ಲಿ ಹೋಗಿದೆ ಎಂಬ ನಕ್ಷೆಯನ್ನು ಮೊದಲ ಪುಟಕ್ಕೆ ಅಂಟಿಸಿ, ಇನ್ನೊಂದು ಪ್ರತಿಯನ್ನು ಸಭಾಪಾಲಕರ ಕಚೇರಿಯ ಕಪಾಟಿನಲ್ಲಿಡಿ. ಸಭಾಪಾಲಕರಿಗೆ ವರ್ಗವಾದಾಗ ಅಧಿಕಾರ ಹಸ್ತಾಂತರದ ಪಟ್ಟಿಯಲ್ಲಿ ಕಾಣಿಕೆ ಪೆಟ್ಟಿಗೆ, ವಿವಾಹ ದಾಖಲೆಗಳ ಜೊತೆಗೆ ಈ ರಜಿಸ್ಟರನ್ನೂ ಸೇರಿಸಿ ಸಹಿ ಹಾಕಿಸಿಕೊಳ್ಳಿ.